ಒಪ್ಪಿಕೊಂಡ ಪ್ರಾರ್ಥನೆ ತಪ್ಪಿಹೋದರೆ?

ಪ್ರಶ್ನೆ: ನಾವು ಆರು ಜನ ಹೆಂಗಸರು. ಇಬ್ಬರು ಕಡೂರಿನವರು, ಇಬ್ಬರು ಅಜ್ಜಂಪುರದವರು, ನಾನೂ ಇನ್ನೊಬ್ಬರೂ ತರೀಕೆರೆ ಕಡೆಯವರು. ಮೂರು ವರ್ಷದ ಹಿಂದೆ ಶ್ರಮದಿನಗಳಲ್ಲಿ ಬೀರೂರಿನ ಒಂದು ಮನೆಯಲ್ಲಿ ಉಪವಾಸ ಪ್ರಾರ್ಥನೆಗೆ ಸೇರಿದ್ದೆವು. ಆವತ್ತು ಬೈಬಲನ್ನು ನಡುವೆ ಇಟ್ಟುಕೊಂಡು, ಒಬ್ಬರ ಕೈ ಒಬ್ಬರು ಹಿಡಿದು ಒಪ್ಪಿಕೊಂಡೆವು: ದಿನಾ ರಾತ್ರಿ ಒಂಬತ್ತಕ್ಕೆ, ಎಲ್ಲಿದ್ದರೂ ಸರಿ, ಒಬ್ಬೊಬ್ಬರೂ ಉಳಿದ ಐವರ ಹೆಸರು ಹೇಳಿ ಪ್ರಾರ್ಥಿಸಬೇಕು ಅಂತ. ಹೆಸರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇವೆ. ಈ ಸಲ ಅಡಿಕೆ ಸುಲಿಯುವ ಕಾಲದಲ್ಲಿ ಕೂಲಿಗೆ ಹೋಗಿ ರಾತ್ರಿ ಹನ್ನೊಂದರ ತನಕ ಮೆಟ್ಟುಗತ್ತಿ ಮುಂದೆ ಕೂತು, ಮನೆಗೆ ಬಂದರೆ ಕಣ್ಣು ಎಳೆಯುತ್ತಿತ್ತು. ಎಂಟು ದಿನ ಒಟ್ಟಿಗೇ ತಪ್ಪಿತು. ಅದೇ ವಾರ ಅಜ್ಜಂಪುರದ ಅಕ್ಕನ ಮಗ ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ, ರಾಡು ಹಾಕಿದ್ದಾರೆ. ಮುಂದಿನ ಕೂಟದಲ್ಲಿ ಒಬ್ಬರು, "ಯಾರೋ ಸರಪಳಿ ಕಡಿದಿದ್ದಾರೆ, ಅದಕ್ಕೇ ಸೈತಾನನಿಗೆ ಸಂದು ಸಿಕ್ಕಿತು" ಅಂದರು. ನಾನು ತಲೆ ತಗ್ಗಿಸಿ ಕೂತೆ, ಬಾಯಿ ಬಿಡಲಿಲ್ಲ. ಇನ್ನೊಂದು ವಿಷಯ. ಕಡೂರಿನ ಒಬ್ಬರು ನಡೆಸುತ್ತಿದ್ದ ಚೀಟಿಯಲ್ಲಿ ನನ್ನ ಹದಿನೆಂಟು ಸಾವಿರ ಸಿಕ್ಕಿಕೊಂಡಿದೆ. ಕೇಳಿದರೆ ಇವತ್ತು ನಾಳೆ ಅನ್ನುತ್ತಾರೆ. ಪಟ್ಟಿಯಲ್ಲಿ ಅವರದು ಮೂರನೇ ಹೆಸರು. ಅಲ್ಲಿಗೆ ಬಂದರೆ ನಾಲಿಗೆ ಏಳುವುದಿಲ್ಲ. ನಾನು ಕೇಳುವುದು ಎರಡು. ತಪ್ಪಿದ ಎಂಟು ದಿನ ಹರಕೆ ತಪ್ಪಿದ ಹಾಗೇನಾ, ಅದಕ್ಕೆ ಏನಾದರೂ ಉಪವಾಸ ಕಟ್ಟಬೇಕಾ? ಮತ್ತೆ, ಆ ಮೂರನೇ ಹೆಸರು ಬಿಟ್ಟು ಉಳಿದ ನಾಲ್ಕು ಹೇಳಿದರೆ ನಡೆಯುತ್ತಾ? (ತರೀಕೆರೆಯ ಸಹೋದರಿ, ಹೆಸರು ಹಾಕಬೇಡಿ ಎಂದಿದ್ದಾರೆ.)

ಉತ್ತರ: ಕರ್ತನಲ್ಲಿ ಪ್ರಿಯ ತಂಗಿ, ನೀವು ಎರಡು ಪ್ರಶ್ನೆ ಎಂದಿದ್ದೀರಿ. ನಡುವೆ ಮೂರನೆಯದೂ ಒಂದಿದೆ, ಅದೇ ನಿಮ್ಮನ್ನು ಹೆಚ್ಚು ಸುಡುತ್ತಿರುವುದು: ನಾನು ನಿದ್ದೆ ಮಾಡಿದ್ದಕ್ಕೆ ಆ ಹುಡುಗನ ಕಾಲು ಮುರಿಯಿತೇ? ಅದನ್ನು ಕೇಳಲು ಹೆದರಿ ಉಪವಾಸದ ಲೆಕ್ಕ ಕೇಳಿದ್ದೀರಿ ಅಂತ ನನಗೆ ಅನಿಸುತ್ತದೆ. ಎಲ್ಲವನ್ನೂ ಬಿಡಿಸಿ ನೋಡೋಣ.

ಮೊದಲು ಹರಕೆಯ ಮಾತು. ಹರಕೆ ದೇವರಿಗೆ ಕೊಟ್ಟ ಮಾತು. ನನಗೆ ಇಂಥದ್ದು ಆಗಲಿ, ನಿನಗೆ ಇಂಥದ್ದು ಒಪ್ಪಿಸುತ್ತೇನೆ ಎಂಬುದು ಅದರ ರೂಪ. ನಮ್ಮ ಅಕ್ಕಪಕ್ಕದ ಮನೆಗಳಲ್ಲಿ ಅದು ಇದೆ, ಬೈಬಲಿನಲ್ಲೂ ಇದೆ. ಹರಕೆ ಹೊತ್ತರೆ ತಡಮಾಡದೆ ತೀರಿಸು, ಹೊರದಿದ್ದರೆ ನಿನ್ನ ಮೇಲೆ ದೋಷವೇ ಇಲ್ಲ ಎಂಬ ಅರ್ಥದ ಮಾತು ಧರ್ಮೋಪದೇಶಕಾಂಡ 23ರಲ್ಲಿ ಬರುತ್ತದೆ. ಪ್ರಸಂಗಿ 5 ಕೂಡ ಅದನ್ನೇ ಎಚ್ಚರಿಸುತ್ತದೆ. ಆದರೆ ಬೀರೂರಿನಲ್ಲಿ ನೀವು ಮಾಡಿದ್ದು ಅದಲ್ಲ. ನೀವು ಮಾತು ಕೊಟ್ಟದ್ದು ಐದು ಜನ ಅಕ್ಕತಂಗಿಯರಿಗೆ. ದೇವರು ಅಲ್ಲಿ ಸಾಕ್ಷಿ. ಮದುವೆಯಲ್ಲೂ ಹಾಗೇ ಅಲ್ಲವೇ? ದೇವರ ಮುಂದೆ ನಿಂತು ಪ್ರಮಾಣ ಮಾಡುತ್ತೇವೆ, ಆದರೆ ಮಾತು ಕೊಡುವುದು ಗಂಡನಿಗೆ ಅಥವಾ ಹೆಂಡತಿಗೆ. ಆ ಮಾತಿಗೆ ಲೋಪ ಬಂದರೆ ಸರಿಮಾಡಬೇಕಾದ್ದು ಯಾರ ಹತ್ತಿರ? ಮನೆಯೊಳಗೆ ಇರುವವರ ಹತ್ತಿರ.

ಹಾಗಾಗಿ ಎಂಟು ದಿನಕ್ಕೆ ಎಂಟು ಉಪವಾಸ ಎಂಬ ದಂಡದ ಲೆಕ್ಕ ಬೇಡ. ಬಡ್ಡಿ ಸೇರಿಸಿ ಹತ್ತು ಮಾಡುವುದೂ ಬೇಡ. (ನಮ್ಮಲ್ಲಿ ಕೆಲವರಿಗೆ ಉಪವಾಸ ಅಂದರೆ ದಂಡದ ರಸೀದಿಯೇ ಆಗಿಬಿಟ್ಟಿದೆ.) ಉಪವಾಸ ಮಾಡಲೇಬೇಕು ಅನಿಸಿದರೆ ಮಾಡಿ, ಕೂಲಿ ಇಲ್ಲದ ದಿನ ಮಾಡಿ. ಮೆಟ್ಟುಗತ್ತಿ ಮುಂದೆ ಹಸಿದು ಕೂತು ಕೈ ಕೊಯ್ದುಕೊಳ್ಳಬೇಡಿ.

ಆದರೆ ಇಲ್ಲಿ ಒಂದು ವಚನ ಅಡ್ಡ ಬರುತ್ತದೆ, ಅದನ್ನು ಬಚ್ಚಿಟ್ಟು ನಿಮಗೆ ಸಮಾಧಾನ ಹೇಳುವುದು ಸರಿಯಲ್ಲ. 1 ಸಮುವೇಲ 12:23ರಲ್ಲಿ ಪ್ರವಾದಿ ಸಮುವೇಲನು, ಜನರಿಗಾಗಿ ಪ್ರಾರ್ಥಿಸುವುದನ್ನು ನಿಲ್ಲಿಸಿದರೆ ಅದು ತಾನು ದೇವರಿಗೆ ವಿರುದ್ಧವಾಗಿ ಮಾಡುವ ಪಾಪ ಎಂದು ಹೇಳುತ್ತಾನೆ. ಸರಪಳಿ ಪ್ರಾರ್ಥನೆಯ ಬಗ್ಗೆ ಪ್ರಸಂಗ ಮಾಡುವವರು ಈ ವಚನವನ್ನು ಎತ್ತಿ ಹಿಡಿಯುತ್ತಾರೆ. ನಿಮ್ಮ ಕೂಟದಲ್ಲೂ ಯಾರೋ ಹಿಡಿದಿರಬಹುದು. ಆದರೆ ಆ ಅಧ್ಯಾಯವನ್ನು ಮೇಲಿನಿಂದ ಓದಿಕೊಂಡು ಬನ್ನಿ. ಸಮುವೇಲ ಆಗ ಮುದುಕ. ಇಡೀ ಆಯುಸ್ಸು ಈ ಜನಕ್ಕಾಗಿ ತೇದಿದ್ದಾನೆ. ಅವರೋ, ನಿನ್ನ ಮಕ್ಕಳು ಸರಿಯಿಲ್ಲ, ನಮಗೆ ಅರಸ ಬೇಕು ಅಂತ ಮುಖಕ್ಕೆ ಹೇಳಿ ಆಗಿದೆ. ಅವನ ಮನಸ್ಸು ನೊಂದಿದೆ. ಈಗ ಅದೇ ಜನ ಹೆದರಿ ಬಂದು, ನಮಗಾಗಿ ಪ್ರಾರ್ಥಿಸು ಎನ್ನುತ್ತಾರೆ. ಆಗ ಅವನು ಆಡಿದ ಮಾತು ಅದು. ಅವನು ಪಾಪ ಎಂದದ್ದು ಸಿಟ್ಟಿನಿಂದ, ನೋವಿನಿಂದ ಬೇಕೆಂದೇ ಬಾಯಿ ಕಟ್ಟಿಕೊಳ್ಳುವುದನ್ನು. ದಣಿದ ದೇಹ ಚಾಪೆಯ ಮೇಲೆ ಬಿದ್ದದ್ದರ ಮಾತು ಅಲ್ಲಿ ಇಲ್ಲ.

ದಣಿದ ದೇಹದ ಮಾತು ಬೇಕಾದರೆ ಗೆತ್ಸೇಮನೆಗೆ ಹೋಗಿ. ಒಂದು ಗಳಿಗೆ ನನ್ನ ಸಂಗಡ ಎಚ್ಚರವಾಗಿರಿ ಎಂದು ಕರ್ತನು ಮೂವರನ್ನು ಕೇಳಿಕೊಂಡ. ಮೂವರೂ ಮಲಗಿಬಿಟ್ಟರು, ಒಂದು ಸಲವಲ್ಲ, ಮೂರು ಸಲ. ಆತನಿಗೆ ಬೇಸರವಾಯಿತು, ಅದನ್ನು ಹೇಳಿದ ಕೂಡ. ಆದರೆ ಮನಸ್ಸು ಸಿದ್ಧವಾಗಿದ್ದರೂ ದೇಹ ಸೋಲುತ್ತದೆ ಎಂದು ಅವರ ಪರವಾಗಿ ಕಾರಣವನ್ನೂ ಆತನೇ ಕೊಟ್ಟ. ನೀವು ನಿದ್ದೆ ಮಾಡಿದ್ದರಿಂದಲೇ ನನ್ನನ್ನು ಹಿಡಿಯಲು ಬಂದರು ಎಂದು ಆತನು ಅನ್ನಲಿಲ್ಲ. ಏಳಿರಿ, ಹೋಗೋಣ ಅಂದ. ಬೇಸರಕ್ಕೂ ಅಪರಾಧ ಹೊರಿಸುವುದಕ್ಕೂ ಎಷ್ಟು ದೂರ ಇದೆ ನೋಡಿ.

ಈಗ ಹುಡುಗನ ಕಾಲಿನ ವಿಷಯ. "ಸರಪಳಿ ಕಡಿಯಿತು" ಎಂದವರು ಕೆಟ್ಟವರಲ್ಲ, ಹೆದರಿದವರು. ಕಾರಣ ಇಲ್ಲದ ಕಷ್ಟಕ್ಕಿಂತ ಕಾರಣ ಇರುವ ಕಷ್ಟ ತಡೆದುಕೊಳ್ಳಲು ಸುಲಭ, ಅದಕ್ಕೇ ಮನುಷ್ಯರು ಕಾರಣ ಹುಡುಕುತ್ತಾರೆ. ಸಿಲೊವಾಮಿನಲ್ಲಿ ಬುರುಜು ಬಿದ್ದು ಹದಿನೆಂಟು ಮಂದಿ ಸತ್ತಾಗಲೂ ಜನ ಹೀಗೇ ಮಾತಾಡಿಕೊಂಡಿದ್ದರು. ಆ ಲೆಕ್ಕಾಚಾರವನ್ನು ಕರ್ತನು ಒಪ್ಪಲಿಲ್ಲ ಎಂದು ಲೂಕ 13 ಹೇಳುತ್ತದೆ. ಆ ಮಾತನ್ನು ಒಪ್ಪಿಕೊಂಡರೆ ನಾವು ಎಂಥ ದೇವರನ್ನು ಒಪ್ಪಿಕೊಂಡ ಹಾಗಾಯಿತು ಅಂತಲೂ ಯೋಚಿಸಿ. ತರೀಕೆರೆಯಲ್ಲಿ ಒಬ್ಬ ಹೆಂಗಸು ಕಣ್ಣು ಮುಚ್ಚಿದಳು, ಅದಕ್ಕೆ ಅಜ್ಜಂಪುರದ ಮಗುವಿನ ಮೇಲಿನ ಕೈಯನ್ನು ತೆಗೆದುಬಿಟ್ಟೆ ಎನ್ನುವ ದೇವರೇ? ಹಾಗಾದರೆ ಯಾರ ನೋಟ್‌ಬುಕ್ಕಿನಲ್ಲೂ ಹೆಸರಿಲ್ಲದ ಅನಾಥನ ಗತಿ ಏನು? ಒಳ್ಳೆಯವರ ಮೇಲೂ ಕೆಟ್ಟವರ ಮೇಲೂ ಒಂದೇ ಬಿಸಿಲು, ಒಂದೇ ಮಳೆ ಕೊಡುವ ತಂದೆಯನ್ನು ನಾವು ನಂಬಿದ್ದೇವೆ. ಆ ತಂದೆ ನಮ್ಮ ಹಾಜರಿ ಪುಸ್ತಕ ನೋಡಿ ಮಕ್ಕಳನ್ನು ಕಾಯುವವನಲ್ಲ.

ಹಾಗಿದ್ದರೆ ಪ್ರಾರ್ಥಿಸಿಯಾದರೂ ಏನು ಪ್ರಯೋಜನ, ಎಂದು ನೀವು ತಿರುಗಿ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ, ಇದು ಬಹಳ ಹಳೆಯದು ಕೂಡ. ಮೂರನೇ ಶತಮಾನದಲ್ಲೇ ಒರಿಗೆನ್ ಎಂಬ ಸಭಾಪಿತೃ ಪ್ರಾರ್ಥನೆಯ ಬಗ್ಗೆ ಬರೆದ ಪುಸ್ತಕದಲ್ಲಿ, ದೇವರಿಗೆ ಎಲ್ಲ ಮೊದಲೇ ಗೊತ್ತಿರುವಾಗ ಕೇಳುವುದೇಕೆ ಎಂಬುದನ್ನು ಎತ್ತಿಕೊಂಡಿದ್ದಾನೆ. ಹದಿಮೂರನೇ ಶತಮಾನದ ತೋಮಾ ಅಕ್ವಿನಾಸ್ ಕೊಟ್ಟ ಉತ್ತರ ನನಗೆ ಹಿಡಿಸುತ್ತದೆ. ದೇವರ ಮನಸ್ಸನ್ನು ತಿರುಗಿಸಲು ನಾವು ಪ್ರಾರ್ಥಿಸುವುದಿಲ್ಲ. ಕೆಲವು ಒಳಿತುಗಳು ನಮ್ಮ ಪ್ರಾರ್ಥನೆಯ ಮೂಲಕವೇ ಬರಲಿ ಎಂದು ದೇವರೇ ಏರ್ಪಡಿಸಿದ್ದಾನೆ, ಅದಕ್ಕಾಗಿ ಪ್ರಾರ್ಥಿಸುತ್ತೇವೆ. ಇದನ್ನು ನಮ್ಮ ಕಡೂರು ಸೀಮೆಯ ಹೊಲಕ್ಕೆ ಇಳಿಸಿ ನೋಡೋಣ. ಬೆಳೆ ದೇವರ ಕೈಯಲ್ಲಿದೆ ಅಂತ ಯಾವ ರೈತನೂ ಬಿತ್ತುವುದನ್ನು ಬಿಡುವುದಿಲ್ಲ. ಬಿತ್ತಿದ್ದೇನೆ ಅಂತ ಮಳೆಯ ಮೇಲೆ ಹಕ್ಕು ಸಾಧಿಸುವುದೂ ಇಲ್ಲ. ಮಳೆ ಕೈಕೊಟ್ಟ ವರ್ಷ ರಾಗಿ ಒಣಗಿದರೆ, ಬಿತ್ತುವಾಗ ನೀನು ಎರಡು ಸಾಲು ಬಿಟ್ಟೆ, ಅದಕ್ಕೇ ಊರಿಗೆಲ್ಲ ಬರ ಬಂತು ಅಂತ ಯಾರಾದರೂ ಅಂದರೆ ಜನ ನಗುತ್ತಾರೆ. ನಿಮ್ಮ ಕೂಟದಲ್ಲಿ ಆದದ್ದು ಅದೇ ಮಾತು. ದೇವರ ಹೆಸರು ಸೇರಿದ್ದರಿಂದ ಯಾರೂ ನಗಲಿಲ್ಲ, ಅಷ್ಟೆ.

ಪ್ರಾರ್ಥನೆಯನ್ನು ಅಳೆದು ನೋಡಲು ಹೊರಟವರೂ ಇದ್ದಾರೆ. ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಹೃದಯದ ಬೈಪಾಸ್ ಆಪರೇಷನ್ ಮಾಡಿಸಿಕೊಂಡ 1,802 ರೋಗಿಗಳ ಮೇಲೆ ನಡೆದ ಪರೀಕ್ಷೆಯೊಂದರ ಫಲ 2006ರಲ್ಲಿ ಪ್ರಕಟವಾಯಿತು. ಪ್ರಾರ್ಥನೆ ಮಾಡುವವರಿಗೆ ರೋಗಿಯ ಮೊದಲ ಹೆಸರು, ಮನೆತನದ ಹೆಸರಿನ ಒಂದು ಅಕ್ಷರ ಇಷ್ಟನ್ನೇ ಕೊಟ್ಟು ಹದಿನಾಲ್ಕು ದಿನ ಪ್ರಾರ್ಥಿಸಲು ಹೇಳಿದ್ದರು. ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ತಿಳಿಯದ ರೋಗಿಗಳಲ್ಲಿ, ನಡೆದವರಿಗೂ ನಡೆಯದವರಿಗೂ ಹೆಚ್ಚು ಕಡಿಮೆ ಕಾಣಲಿಲ್ಲ. ನೂರಕ್ಕೆ ಐವತ್ತೊಂದು, ಐವತ್ತೆರಡು ಮಂದಿಗೆ ಆಪರೇಷನ್ ನಂತರದ ತೊಂದರೆ ಬಂತು. ಖಂಡಿತವಾಗಿ ನಿಮಗಾಗಿ ಪ್ರಾರ್ಥನೆ ನಡೆಯುತ್ತಿದೆ ಎಂದು ತಿಳಿಸಲ್ಪಟ್ಟವರಲ್ಲಿ ಅದು ಐವತ್ತೊಂಬತ್ತಕ್ಕೆ ಏರಿತ್ತು! ನನ್ನ ಸ್ಥಿತಿ ಅಷ್ಟು ಕೆಟ್ಟಿದೆಯೇ ಎಂದು ಹೆದರಿರಬಹುದು ಅಂತ ಕೆಲವರು ಊಹಿಸಿದರು. ಇದನ್ನು ಓದಿ ಪ್ರಾರ್ಥನೆ ವ್ಯರ್ಥ ಎಂದವರಿದ್ದಾರೆ. ನನಗೆ ಕಂಡದ್ದು ಬೇರೆ: ಮಾತ್ರೆಯ ಹಾಗೆ ಇಷ್ಟು ದಿನ ಇಷ್ಟು ಹೊತ್ತು ಎಂದು ಗುರುತಿಲ್ಲದವರಿಗೆ ಕೊಟ್ಟು ಅಳೆದ ವಸ್ತುವಿಗೂ, ನಿಮ್ಮ ಆರು ಜನರ ನಡುವೆ ನಡೆಯುವುದಕ್ಕೂ ಹೆಸರು ಒಂದೇ, ಸಂಗತಿ ಬೇರೆ. ನಿಮಗೆ ಆ ಅಕ್ಕನ ಮಗ ಯಾವ ಕ್ಲಾಸಿನಲ್ಲಿ ಎರಡು ಸಲ ಕೂತ ಅಂತಲೂ ಗೊತ್ತಿರುತ್ತದೆ.

ಈ ಒಪ್ಪಂದದ ಜೀವ ಇರುವುದೇ ಅಲ್ಲಿ. ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿರಿ ಎಂದು ಯಾಕೋಬನ ಪತ್ರಿಕೆಯ ಐದನೇ ಅಧ್ಯಾಯದಲ್ಲಿ ಹೇಳಿದಾಗ, ಅದೇ ಉಸಿರಿನಲ್ಲಿ ಒಬ್ಬರಿಗೊಬ್ಬರು ತಪ್ಪುಗಳನ್ನು ಅರಿಕೆಮಾಡಿಕೊಳ್ಳಿರಿ ಎಂದೂ ಇದೆ. ಮೊದಲಿನದು ಎಲ್ಲರಿಗೂ ಬಾಯಿಪಾಠ, ಎರಡನೆಯದು ಬೇಡ. "ಪ್ರಾರ್ಥನೆಯಲ್ಲಿ ನೆನಪು ಮಾಡ್ಕೊಳ್ತೀವಿ" ಎಂಬುದು ನಮ್ಮ ಸಭೆಗಳಲ್ಲಿ ಹೊರಡುವಾಗ ಹೇಳುವ ನಮಸ್ಕಾರದಂತೆ ಆಗಿಹೋಗಿದೆ. ಫೋನಿನಲ್ಲಿ ಕೈ ಮುಗಿದ ಚಿತ್ರ ಒತ್ತಿದರೆ ಮುಗಿಯಿತು. ಹೀಗೆ ಹೇಳಿ ಮರೆಯುವುದು ನಿಮ್ಮ ಎಂಟು ರಾತ್ರಿಗಿಂತ ದೊಡ್ಡ ಲೋಪ ಎಂದೇ ನನ್ನ ಎಣಿಕೆ. ಮೂರು ವರ್ಷ ಐದು ಹೆಸರು ಹೇಳಿದವರು ನೀವು. ತಪ್ಪಿದ ಎಂಟು ದಿನ ನಿಮಗೆ ಗೊತ್ತಾಗಿದೆ ಎಂದರೆ ತಪ್ಪದ ದಿನಗಳು ಎಷ್ಟಿವೆ ಎಂದು ಅರ್ಥವಾಗುತ್ತದೆ.

ಕೂಟದಲ್ಲಿ ತಲೆ ತಗ್ಗಿಸಿ ಕೂತದ್ದನ್ನು ಮಾತ್ರ ಹಾಗೇ ಬಿಡಬೇಡಿ. ಅಜ್ಜಂಪುರದ ಆ ತಾಯಿಗೆ ನೀವೇ ಹೇಳಿ: ಅಕ್ಕಾ, ಆ ವಾರ ನನ್ನಿಂದ ಆಗಲಿಲ್ಲ, ಅಡಿಕೆ ಕೆಲಸದಲ್ಲಿ ಮಲಗಿಬಿಟ್ಟೆ ಅಂತ. ಕ್ಷಮೆ ಕೇಳುವುದಾದರೆ ಮಾತು ತಪ್ಪಿದ್ದಕ್ಕೆ ಕೇಳಿ, ಕಾಲು ಮುರಿದದ್ದಕ್ಕೆ ಕೇಳಬೇಡಿ. ಅದು ನಿಮ್ಮ ಲೆಕ್ಕವಲ್ಲ. ಆ ತಾಯಿ ಈಗಾಗಲೇ, ಬೈಕು ಕೊಡಿಸಿದ್ದು ನಾನೇ ಅಂತ ಒಳಗೊಳಗೇ ಕೊರಗುತ್ತಿರಬಹುದು. ಅವರ ಮುಂದೆ ನೀವು ಇನ್ನೊಂದು ಕಾರಣ ತಂದು ಇಟ್ಟರೆ ಅವರು ಅದನ್ನೂ ಹೊರಬೇಕಾಗುತ್ತದೆ.

ಸರಪಳಿಯ ಮಾತು ಆಡಿದ ಆ ಸಹೋದರಿಯನ್ನು ಏನು ಮಾಡುವುದು? ಯೋಬನ ಗೆಳೆಯರು ಮೊದಲ ಏಳು ದಿನ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು. ಅಷ್ಟು ಹೊತ್ತು ಒಳ್ಳೆಯ ಗೆಳೆಯರೇ. ಬಾಯಿ ತೆರೆದ ಮೇಲೆ ಕಾರಣ ಹುಡುಕಲು ಶುರುಮಾಡಿದರು, ನಿನ್ನ ಪಾಪವೇ ಕಾರಣ ಅಂದರು. ಕೊನೆಯ ಅಧ್ಯಾಯದಲ್ಲಿ ದೇವರು ಯೋಬನಿಗೆ ಒಪ್ಪಿಸಿದ ಕೆಲಸ ಏನು ಗೊತ್ತೇ? ಆ ಗೆಳೆಯರಿಗಾಗಿಯೇ ಪ್ರಾರ್ಥಿಸುವುದು. ಅವನು ಹಾಗೆ ಪ್ರಾರ್ಥಿಸಿದಾಗಲೇ ಅವನ ದಿನಗಳೂ ತಿರುಗಿದವು ಎಂದು ಅಲ್ಲಿ ಬರೆದಿದೆ. ಅವರ ಹೆಸರೂ ನಿಮ್ಮ ಐದರಲ್ಲಿ ಇದೆಯಲ್ಲ. ಬಿಡಬೇಡಿ.

ಇನ್ನು ಮೂರನೇ ಹೆಸರು. ಹೆಸರು ಬಿಟ್ಟರೆ ನಡೆಯುತ್ತಾ ಎಂದಿರಿ. ಇಲ್ಲ, ತಂಗಿ. ನಿದ್ದೆಯ ಎಂಟು ದಿನಕ್ಕೆ ನಾನು ದಂಡ ಬೇಡ ಎಂದೆ. ಇಲ್ಲಿ ಅಷ್ಟು ಸಲೀಸಾಗಿ ಹೇಳಲಾರೆ. ಸಮುವೇಲನು ಹೆದರಿದ್ದು ಇದಕ್ಕೇ. ಎಚ್ಚರವಾಗಿದ್ದು, ನಾಲ್ಕು ಹೆಸರು ಹೇಳಿ, ಒಂದನ್ನು ದಾಟಿ ಹೋಗುವುದು ಮರೆವಲ್ಲ, ತೀರ್ಪು.

ಹಾಗಂತ ಅವರಿಗಾಗಿ ಉದ್ದುದ್ದ ಪ್ರಾರ್ಥಿಸಿ ಎಂದು ಹೇಳುತ್ತಿಲ್ಲ. ಉದ್ದ ಮಾಡಿದರೆ ಅಪಾಯ. "ದೇವರೇ, ಅವಳಿಗೆ ಬುದ್ಧಿ ಕೊಡು, ಅವಳ ಕಣ್ಣು ತೆರೆಸು, ಬೇರೆಯವರ ದುಡ್ಡಿನ ಬೆಲೆ ತಿಳಿಸು" ಅಂತ ಶುರುವಾಗಿ, ಪ್ರಾರ್ಥನೆಯ ಹೆಸರಿನಲ್ಲಿ ಚೀಟಿಯ ಪಂಚಾಯಿತಿಯೇ ನಡೆದುಬಿಡುತ್ತದೆ. ಹೆಸರು ಮಾತ್ರ ಹೇಳಿ. ಕರ್ತನೇ, ಇಂಥವರು, ಅಷ್ಟೇ. ಒಳ್ಳೆಯದು ಮಾಡು ಎಂಬ ಮಾತು ಬಾರದಿದ್ದರೆ ಬರುವ ತನಕ ಬಿಡಿ. ನಾಲಿಗೆ ಏಳದ ದಿನ ನೋಟ್‌ಬುಕ್ಕಿನಲ್ಲಿ ಆ ಹೆಸರಿನ ಮೇಲೆ ಬೆರಳಿಟ್ಟರೂ ಸಾಕು.

ಹದಿನೆಂಟು ಸಾವಿರ? ಅದನ್ನು ಕೇಳಿ. ರಾತ್ರಿ ಮಲಗದೆ ಅಡಿಕೆ ಸುಲಿದ ಕೈಯ ದುಡ್ಡು ಅದು. ಪ್ರಾರ್ಥನೆಯ ಸಂಬಂಧ ಇದೆ, ದುಡ್ಡಿನ ಮಾತು ಎತ್ತಬಾರದು ಎಂಬ ಸಂಕೋಚ ನಮ್ಮಲ್ಲಿ ಬಹಳ. ಅದು ಭಕ್ತಿಯಲ್ಲ. ಕ್ಷಮಿಸುವುದು ಬೇರೆ, ಸಾಲ ಬಿಟ್ಟುಕೊಡುವುದು ಬೇರೆ. ಬಿಟ್ಟುಕೊಡಲು ಮನಸ್ಸಿದ್ದರೆ, ಮನೆ ನಡೆಯುವುದಾದರೆ, ಬಿಡಿ, ಅದು ನಿಮ್ಮ ಇಷ್ಟ. ಇಲ್ಲವಾದರೆ ಮತ್ತಾಯ 18ರಲ್ಲಿ ದಾರಿ ಇದೆ: ಮೊದಲು ಒಬ್ಬರೇ ಹೋಗಿ ಮಾತಾಡಿ, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗಿ, ಆಮೇಲೆ ಸಭೆಗೆ ತಿಳಿಸಿ. ತಿಂಗಳಿಗೆ ಇಷ್ಟು ಅಂತ ಕಂತು ಬರೆಸಿಕೊಳ್ಳಿ. ಒಂದನ್ನು ಮಾತ್ರ ಮಾಡಬೇಡಿ: ಇದನ್ನು ಕೂಟದಲ್ಲಿ "ಪ್ರಾರ್ಥನೆ ವಿಷಯ" ಅಂತ ಇಡಬೇಡಿ. ಒಬ್ಬರ ಮಾನ ಕಳೆಯಲು ನಮ್ಮ ಕೂಟಗಳಲ್ಲಿ ಅದಕ್ಕಿಂತ ನಾಜೂಕಾದ ದಾರಿ ಇಲ್ಲ.

ದುಡ್ಡು ಮತ್ತು ಪ್ರಾರ್ಥನೆ ಒಟ್ಟಿಗೆ ಬಂದರೆ ಮೈಲಿಗೆ ಎಂದುಕೊಳ್ಳಬೇಡಿ. ಹಳೇ ಮೈಸೂರು ಸೀಮೆಯಲ್ಲಿ ವೆಸ್ಲಿಯನ್ ಮಿಷನ್ನಿನವರು ಕಟ್ಟಿದ ಸಭೆಗಳು 1947ರಲ್ಲಿ ಸಿ.ಎಸ್.ಐ. ಸೇರಿದವು. ಆ ಮೆಥೋಡಿಸ್ಟರ ಹೆಸರಾಂತ ಕ್ಲಾಸ್ ಕೂಟ ಹುಟ್ಟಿದ್ದೇ ಸಾಲ ತೀರಿಸಲು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ಊರಿನ ಪ್ರಾರ್ಥನಾ ಮಂದಿರದ ಸಾಲಕ್ಕೆಂದು ಸದಸ್ಯರನ್ನು ಹನ್ನೆರಡು ಹನ್ನೆರಡಾಗಿ ವಿಂಗಡಿಸಿ, ವಾರಕ್ಕೆ ತಲೆಗೊಂದು ಪೆನ್ನಿ ಎತ್ತಲು ಒಬ್ಬೊಬ್ಬ ನಾಯಕನನ್ನು ಇಟ್ಟರು. ಪೆನ್ನಿ ಕೇಳಲು ಮನೆ ಮನೆಗೆ ಹೋದವರಿಗೆ ಯಾವ ಮನೆಯಲ್ಲಿ ಜಗಳ, ಯಾವ ಮನೆಯಲ್ಲಿ ಕುಡಿತ ಎಂಬುದೆಲ್ಲ ಕಣ್ಣಿಗೆ ಬಿತ್ತು. ಒಬ್ಬರ ಆತ್ಮದ ಯೋಗಕ್ಷೇಮವನ್ನು ಒಬ್ಬರು ವಾರವಾರ ವಿಚಾರಿಸುವ ಪದ್ಧತಿ ಅಲ್ಲಿಂದ ಬೆಳೆಯಿತು. ನಿಮ್ಮ ಕಡೂರಿನ ಅಕ್ಕನ ಮನೆ ಬಾಗಿಲಿಗೆ ನೀವು ದುಡ್ಡು ಕೇಳಲು ಹೋದಾಗ, ಒಳಗೆ ಏನಿದೆ ಅಂತಲೂ ಸ್ವಲ್ಪ ನೋಡಿ. ಚೀಟಿ ಎತ್ತಿದವರು ಅವರಿಗೂ ಕೈಕೊಟ್ಟಿರಬಹುದು.

ಜಗಳ ಮೊದಲು ಬಗೆಹರಿಯಬೇಕೋ, ಪ್ರಾರ್ಥನೆ ಮೊದಲು ನಡೆಯಬೇಕೋ? ಕಾಣಿಕೆಯನ್ನು ವೇದಿಯ ಮುಂದೆ ಬಿಟ್ಟು ಮೊದಲು ಸಹೋದರನ ಸಂಗಡ ಒಂದಾಗು ಎಂದು ಕರ್ತನು ಹೇಳಿದ್ದಾನೆ. ಸರಪಳಿ ಪ್ರಾರ್ಥನೆಗೆ ಎಲ್ಲರೂ ಉದಾಹರಣೆ ಕೊಡುವ ಜರ್ಮನಿಯ ಹೆರ್ನ್‌ಹುಟ್ ಊರಿನ ಮೊರೇವಿಯನ್ ಸಭೆಯ ಕಥೆಯೂ ಹಾಗೇ ಇದೆ. ಅಲ್ಲಿ ಸೇರಿದವರು ಮೊದಲು ಒಬ್ಬರ ಮುಖ ಒಬ್ಬರು ನೋಡದಷ್ಟು ಕಚ್ಚಾಡಿದ್ದರು. 1727ರ ಮೇ ತಿಂಗಳಲ್ಲಿ ಒಪ್ಪಂದಕ್ಕೆ ಬಂದರು, ಆಗಸ್ಟ್ 13ರಂದು ಒಟ್ಟಾಗಿ ಕರ್ತನ ಭೋಜನ ತೆಗೆದುಕೊಂಡರು, ಅದಾದ ಮೇಲೆ ಆಗಸ್ಟ್ 27ರಿಂದ ಪ್ರಾರ್ಥನೆಯ ಕಾವಲು ಶುರುವಾಯಿತು. ಅದು ನೂರು ವರ್ಷ ನಡೆಯಿತು ಅಂತ ಎಲ್ಲರೂ ಬೆರಗಿನಿಂದ ಹೇಳುತ್ತಾರೆ. ಹೇಗೆ ನಡೆಯಿತು ಎಂಬುದನ್ನು ಹೇಳುವವರು ಕಡಿಮೆ. ಇಪ್ಪತ್ತನಾಲ್ಕು ಗಂಡಸರು, ಇಪ್ಪತ್ತನಾಲ್ಕು ಹೆಂಗಸರು ದಿನದ ಗಂಟೆಗಳನ್ನು ಹಂಚಿಕೊಂಡರು, ಒಬ್ಬೊಬ್ಬರಿಗೆ ಒಂದೊಂದೇ ಗಂಟೆ. ಮನುಷ್ಯ ಮಲಗಬೇಕು ಎಂಬುದನ್ನು ಒಪ್ಪಿಕೊಂಡೇ ಮಾಡಿದ ಏರ್ಪಾಡು ಅದು.

ನಿಮ್ಮ ಆರು ಜನರಿಗೂ ಅಂಥ ಏರ್ಪಾಡು ಬೇಕು. ರಾತ್ರಿ ಒಂಬತ್ತು ಯಾರ ಅನುಕೂಲಕ್ಕೆ ಇಟ್ಟದ್ದು? ಅಡಿಕೆ ಕಾಲದಲ್ಲಿ ನಿಮಗೆ ಬೆಳಗಿನ ಐದು ಗಂಟೆ, ಒಲೆ ಹಚ್ಚುವ ಹೊತ್ತು, ಸಾಕು. ಅಜ್ಜಂಪುರದಲ್ಲಿ ಈರುಳ್ಳಿ ಕೀಳುವ ದಿನಗಳಲ್ಲಿ ಅವರಿಗೂ ಬೇರೆ ಹೊತ್ತು ಬೇಕಾದೀತು. ಒಬ್ಬರಿಗೆ ಆಗದ ವಾರ ಇನ್ನೊಬ್ಬರಿಗೆ ಹೇಳಿಬಿಡಬೇಕು, ಈ ವಾರ ನನ್ನ ಪಾಲಿನದೂ ನಿಮ್ಮ ಮೇಲೆ ಅಂತ. ಮೋಶೆಯ ಕೈ ಸೋತಾಗ ಆರೋನನೂ ಹೂರನೂ ಹಿಡಿದುಕೊಂಡರು. ಕೈ ಯಾಕೆ ಇಳಿಸಿದೆ ಅಂತ ಅವರು ಬೈದ ಹಾಗೆ ಎಲ್ಲೂ ಬರೆದಿಲ್ಲ, ಕೂರಲು ಒಂದು ಕಲ್ಲನ್ನೂ ತಂದು ಇಟ್ಟರು. ಇನ್ನೊಂದು ಮಾತು, ಆಯುಸ್ಸಿಡೀ ಎಂದು ಒಪ್ಪಿಕೊಳ್ಳಬೇಡಿ. ಪಾಸ್ಕ ಹಬ್ಬದ ತನಕ ಎಂದು ಇಟ್ಟುಕೊಳ್ಳಿ. ಹಬ್ಬ ಕಳೆದ ಮೇಲೆ ಕೂತು, ಮುಂದುವರಿಸುವವರು ಕೈ ಎತ್ತಲಿ. ಬಿಡುವವರು ಅಂಜಿಕೆಯಿಲ್ಲದೆ ಬಿಡಲಿ, ಅವರ ಹೆಸರು ಮಾತ್ರ ಪಟ್ಟಿಯಲ್ಲಿ ಉಳಿಯಲಿ.

ಈ ಪತ್ರಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಹುಡುಗ ಇನ್ನೂ ಹಾಸಿಗೆಯಲ್ಲೇ ಇರುತ್ತಾನೆ. ಒಂದು ಭಾನುವಾರ ಆರಾಧನೆ ಮುಗಿಸಿ ತರೀಕೆರೆಯಿಂದ ಅಜ್ಜಂಪುರದ ಬಸ್ಸು ಹತ್ತಿ. ಪ್ರಾರ್ಥನೆ ಅಲ್ಲಿ ಅವನ ಮಂಚದ ಪಕ್ಕದಲ್ಲಿ ನಡೆಯಲಿ, ಚಿಕ್ಕದಾಗಿರಲಿ, ಹುಡುಗನಿಗೆ ಬೇಸರ ಬಂದೀತು. ಹೊರಡುವ ಮೊದಲು ಕಡೂರಿನ ಅಕ್ಕನಿಗೂ ಒಂದು ಫೋನ್ ಮಾಡಿ ಹೇಳಿ, ನಾನು ಹೋಗ್ತಾ ಇದೀನಿ, ನೀವೂ ಬರ್ತೀರಾ ಅಂತ. ಅವರಿಗೆ ಬೀರೂರಿನ ಮೇಲೆ ಹೋಗುವ ರೈಲೂ ಇದೆ. ದುಡ್ಡಿನ ಮಾತು ಆವತ್ತು ಬೇಡ, ಸೋಮವಾರ ಕೇಳಿ.